ನ್ಯಾಮತಿಯಲ್ಲಿ ಕೂತು ಬೆಂಗಳೂರಿನ ಕೆಲಸ

ನಮ್ಮ ಹಾಸ್ಟೆಲ್ ರೂಮಿನಲ್ಲಿ ನಾಲ್ಕು ಜನ, ನಾಲ್ಕು ತಾಲ್ಲೂಕು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಎಲ್ಲಾ ದಾವಣಗೆರೆ ಜಿಲ್ಲೆಯೇ, ಆದ್ರೆ ಒಂದರ ಹಾಗೆ ಇನ್ನೊಂದಿಲ್ಲ. ಚನ್ನಗಿರಿ ಅಂದ್ರೆ ಅಡಿಕೆ. ಹೊನ್ನಾಳಿಗೆ ತುಂಗಭದ್ರೆ ಇದ್ದಾಳೆ. ನ್ಯಾಮತಿ ಮೊನ್ನೆ ಮೊನ್ನೆವರೆಗೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ಜಗಳೂರು ಮಳೆ ಕಾಯುವ ಊರು. ನಾಲ್ಕಕ್ಕೂ ರೈಲ್ವೆ ಸ್ಟೇಷನ್ ಇಲ್ಲ. ಡಿಗ್ರಿ ಮುಗಿದ ಮೇಲೆ ಇಲ್ಲೇ ಇದ್ದು ಕೆಲಸ ಮಾಡಬಹುದಾ ಅಂತ ರಾತ್ರಿ ಊಟ ಆದ್ಮೇಲೆ ನಮ್ಮಲ್ಲಿ ಜಗಳ ಶುರುವಾಗುತ್ತೆ. ಆ ಜಗಳಕ್ಕೆ ಈ ವರ್ಷ ಒಂದು ನಿಜವಾದ ಕಾರಣ ಸಿಕ್ಕಿತು.

ನ್ಯಾಮತಿಯ ಗೆಳೆಯನ ಅಕ್ಕ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡ್ತಾರೆ. 2020ರ ಲಾಕ್‌ಡೌನಿನಲ್ಲಿ ಎಲ್ಲರ ಹಾಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಊರಿಗೆ ಬಂದವರು, ಅಲ್ಲೇ ಉಳಿದರು. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ಬೇಕು. ಆ ಎರಡು ದಿನ ಅಕ್ಕ ಬೆಳಿಗ್ಗೆ ಐದಕ್ಕೇ ಕೆಲಸಕ್ಕೆ ಕೂರ್ತಾರೆ. ಅಕ್ಕಪಕ್ಕದವರು ಮಾತ್ರ ಇವತ್ತಿಗೂ ‘ಮಗಳು ಕೆಲಸ ಬಿಟ್ಟು ಬಂದ್ಲಾ’ ಅಂತ ಕೇಳ್ತಾರಂತೆ.

ಊರಲ್ಲಿ ನೆಟ್ ಸ್ಲೋ, ಅದೇ ತೊಂದರೆ ಅಂತ ನಾವೂ ಅಂದುಕೊಂಡಿದ್ವಿ. ಲೆಕ್ಕ ಹಾಕಿ ನೋಡಿದ್ರೆ ಹಾಗಲ್ಲ. ಒಂದು ಗ್ರೂಪ್ ವಿಡಿಯೋ ಕಾಲ್‌ಗೆ 2ರಿಂದ 4 ಎಂಬಿಪಿಎಸ್ ಸಾಕು. ಊರಿನ ಕೇಬಲ್‌ನವರು ಮನೆಗೆ ಎಳೆಯುವ ಫೈಬರ್‌ನಲ್ಲಿ ಜಿಪಾನ್ ತಂತ್ರ ಇದ್ದರೆ ಒಂದು ಎಳೆಯಲ್ಲೇ ಸುಮಾರು 2.5 ಜಿಬಿಪಿಎಸ್ ಬರುತ್ತೆ. ಅದನ್ನು 32 ಅಥವಾ 64 ಮನೆ ಹಂಚಿಕೊಂಡರೂ ಕೆಲಸಕ್ಕೆ ಕೊರತೆ ಇಲ್ಲ. ದೂರವೂ ತೊಂದರೆ ಅಲ್ಲ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತೆ. ಜಗಳೂರಿಂದ ಬೆಂಗಳೂರು 250 ಕಿ.ಮೀ. ಅಂತ ಇಟ್ಕೊಂಡ್ರೂ ಒಂದೂಕಾಲು ಮಿಲಿಸೆಕೆಂಡ್ ದಾರಿ. ನಿಮ್ಮ ಪಿಂಗ್ 30–40 ತೋರಿಸಿದರೆ ಅದು ದೂರದ್ದಲ್ಲ, ನಡುವಿನ ರೌಟರ್‌ಗಳದ್ದು, ಕ್ಯೂಗಳದ್ದು, ಸುತ್ತು ದಾರಿಯದ್ದು.

ಕರೆಂಟ್? ಅದೂ ಲೆಕ್ಕಕ್ಕೆ ಸಿಗುವ ವಿಷಯ. 12 ವೋಲ್ಟ್, 150 ಎಎಚ್ ಬ್ಯಾಟರಿ ಅಂದ್ರೆ ಹೆಸರಿಗೆ 1800 ವಾಟ್-ಅವರ್. ಇನ್ವರ್ಟರ್ ನಷ್ಟ, ಬ್ಯಾಟರಿ ವಯಸ್ಸು ಕಳೆದು 1200 ಸಿಕ್ಕರೂ ಲ್ಯಾಪ್‌ಟಾಪ್, ರೌಟರ್ ಸೇರಿ 60 ವಾಟ್‌ಗೆ 20 ಗಂಟೆ ಬರುತ್ತೆ. ಅದೇ ಲೈನಿಗೆ ಫ್ಯಾನು, ಟಿವಿ ಎಲ್ಲಾ ಸೇರಿಸಿ 300 ವಾಟ್ ಎಳೆದರೆ ನಾಲ್ಕೇ ಗಂಟೆ. (ಚನ್ನಗಿರಿಯವನ ತಕರಾರು ಬೇರೆ: ಅಡಿಕೆ ಸುಲಿಯೋ ಮಷಿನ್ ಶುರುವಾದ್ರೆ ಕರೆಂಟ್ ಇದ್ದೂ ಮೀಟಿಂಗ್ ಕೇಳಿಸಲ್ಲ.)

ಹಾಗಾದ್ರೆ ಅಕ್ಕನ ಕೆಲಸಕ್ಕೆ ಕುತ್ತು ಬಂದದ್ದು ಎಲ್ಲಿಂದ? ಒಂದು ರಿಲೀಸ್ ದಿನ ಮಧ್ಯಾಹ್ನ ಮನೆಯ ಫೈಬರ್ ಸತ್ತಿತು. ಅಕ್ಕ ಗಾಬರಿ ಆಗಲಿಲ್ಲ, ಮೊಬೈಲ್ ಹಾಟ್‌ಸ್ಪಾಟ್ ಹಾಕಿದರು. ಫೋನಲ್ಲಿ ಸಿಗ್ನಲ್ ಪೂರ್ತಿ ಇದೆ, ಡೇಟಾ ಮಾತ್ರ ಇಲ್ಲ. ನಾಲ್ಕು ಗಂಟೆ ಹಾಗೇ ಹೋಯ್ತು. ರಸ್ತೆ ಅಗೆಯೋ ಜೆಸಿಬಿ ಕೇಬಲ್ ಕಿತ್ತು ಹಾಕಿತ್ತು ಅಂತ ಆಮೇಲೆ ಗೊತ್ತಾಯಿತು. ಮ್ಯಾನೇಜರ್ ಕೇಳಿದ್ದು ಸರಿಯಾದ ಪ್ರಶ್ನೆಯೇ: ಎರಡು ಕನೆಕ್ಷನ್ ಇದೆ ಅಂದಿದ್ರಲ್ಲ?

ಎರಡು ಇತ್ತು, ದಾರಿ ಒಂದೇ ಆಗಿತ್ತು. ಫೋನಿಂದ ಟವರ್‌ವರೆಗೆ ಮಾತ್ರ ಗಾಳಿಯಲ್ಲಿ ಹೋಗುವುದು. ಟವರಿನಿಂದ ಮುಂದಕ್ಕೆ ಇರುವುದು ಬ್ಯಾಕ್‌ಹಾಲ್. ಕನ್ನಡ ಪದ ಹುಡುಕಿದ್ವಿ, ಒಪ್ಪುವಂಥದ್ದು ಸಿಗಲಿಲ್ಲ, ‘ಹಿಂದಿನ ದಾರಿ’ ಅಂತ ಇಟ್ಕೊಳ್ಳೋಣ. ಆ ಟವರಿನ ಹಿಂದಿನ ದಾರಿಯೂ ಅದೇ ರಸ್ತೆ ಪಕ್ಕದ ಫೈಬರ್. ಕೇಬಲ್ ತುಂಡಾದಾಗ ಟವರಿಗೆ ಕರೆಂಟ್ ಇತ್ತು, ಅದಕ್ಕೇ ಸಿಗ್ನಲ್ ಕಡ್ಡಿ ಪೂರ್ತಿ. ಕಡ್ಡಿ ಹೇಳುವುದು ಟವರ್‌ವರೆಗಿನ ಕಥೆ ಅಷ್ಟೇ. ಬೆಂಗಳೂರಲ್ಲಿ ಹೀಗಾಗೋದು ಕಡಿಮೆ, ಯಾಕಂದ್ರೆ ಅಲ್ಲಿ ಫೈಬರ್ ಹತ್ತು ದಿಕ್ಕಿಂದ ಬರುತ್ತೆ. ತಾಲ್ಲೂಕು ಊರಿಗೆ ಒಂದೋ ಎರಡೋ ರಸ್ತೆ.

ಎರಡನೇ ದಾರಿ ಇದೆಯಾ ಅಂತ ಕಣ್ಣಲ್ಲೇ ಒಂದಷ್ಟು ಅಂದಾಜು ಮಾಡಬಹುದು. ಟವರ್ ಮೇಲೆ ಉದ್ದನೆಯ ಡಬ್ಬಿಗಳು ಇರ್ತಾವಲ್ಲ, ಅವು ನಮ್ಮ ಫೋನಿಗೆ. ಡೋಲಿನ ಹಾಗೆ ಗುಂಡಗಿರುವುದು ಮೈಕ್ರೋವೇವ್ ಡಿಶ್, ಅದು ಇನ್ನೊಂದು ಟವರಿನ ಜೊತೆ ಮಾತಾಡಲಿಕ್ಕೆ. ಡೋಲು ಇದ್ದರೆ ಆ ಟವರಿನ ಡೇಟಾ ರಸ್ತೆ ಕೇಬಲ್ ಬಿಟ್ಟು ಗಾಳಿಯಲ್ಲೇ ಮುಂದಿನ ಊರಿಗೆ ಹೋಗುತ್ತಿರುವ ಸಾಧ್ಯತೆ ಇದೆ. ಜೋರು ಮಳೆಯಲ್ಲಿ ಅದು ಕುಗ್ಗುತ್ತೆ, ಮುಂದೆ ಎಲ್ಲೋ ಅದೂ ಫೈಬರಿಗೇ ಸೇರುತ್ತೆ. ಆದ್ರೂ ಊರ ಬಾಗಿಲಲ್ಲಿ ಕೇಬಲ್ ಕಿತ್ತರೆ ಬದುಕುವುದು ಅದೊಂದೇ. ಅಕ್ಕ ಅಂಥ ಟವರ್ ಇರೋ ಬೇರೆ ಕಂಪನಿಯ ಸಿಮ್ ತಗೊಂಡರು. ಮುಂದಿನ ಸಲ ಕೇಬಲ್ ಕಟ್ ಆದಾಗ ವಿಡಿಯೋ ಆಫ್ ಮಾಡಿ ಕೆಲಸ ನಡೆಸಿದರು.

ಕಾನೂನೇನೂ ಅಡ್ಡ ಇಲ್ಲ. ಬಿಪಿಒಗಳಿಗಿದ್ದ ನೋಂದಣಿಯ ಕಟ್ಟುಪಾಡನ್ನೂ ಕೇಂದ್ರ ದೂರಸಂಪರ್ಕ ಇಲಾಖೆ 2020ರ ನವೆಂಬರಿನಲ್ಲಿ ತೆಗೆದು, ದೇಶದ ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅಂತ ಹೇಳಿತು. ‘ಬಿಯಾಂಡ್ ಬೆಂಗಳೂರು’ ಅಂತ ಸರ್ಕಾರ ಶುರು ಮಾಡಿದಾಗ ಮೊದಲು ಕೇಳಿಬಂದ ಹೆಸರು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ನಮ್ಮ ತಾಲ್ಲೂಕುಗಳ ಸರದಿ ಯಾವಾಗಲೋ.

ಅಕ್ಕನ ಕಂಪನಿ ಈಗ ಎಲ್ಲರೂ ವಾರಕ್ಕೆ ಮೂರು ದಿನ ಆಫೀಸಿಗೆ ಬರಬೇಕು ಅಂದಿದೆ. ‘ನೀನು ಹೋಗಮ್ಮ, ನಾನು ಬಸ್ಸಲ್ಲಿ ಹೋಗಿ ಬರ್ತೀನಿ’ ಅಂತ ಅಪ್ಪ ಹೇಳಿದ್ದಾರೆ. ಡಯಾಲಿಸಿಸ್ ಮುಗಿಸಿ ಬರುವಾಗ ಅವರಿಗೆ ನಿಲ್ಲೋಕೂ ಆಗಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಕ್ಕ ಆಸ್ಪತ್ರೆ ಕಾಗದದ ಜೊತೆ ಎರಡೂ ಕನೆಕ್ಷನ್ನಿನ ಮೂರು ತಿಂಗಳ ಲಾಗ್ ಸೇರಿಸಿ ಅರ್ಜಿ ಹಾಕಿದರು. ಸದ್ಯಕ್ಕೆ ಆರು ತಿಂಗಳು ಒಪ್ಪಿದ್ದಾರೆ.

ದಸರಾ ರಜೆಗೆ ನಾವು ನಾಲ್ಕೂ ಊರಿನ ಟವರ್ ನೋಡಿ ಬರ್ತೀವಿ, ಎಲ್ಲಿ ಡೋಲು ಇದೆ ಎಲ್ಲಿ ಇಲ್ಲ ಅಂತ. ಜಗಳೂರಿನವನು ಈಗಲೇ ಅವರಪ್ಪನಿಗೆ ಫೋನ್ ಮಾಡಿ ಟವರಿನ ಫೋಟೋ ಕೇಳಿದ್ದಾನೆ. ಅವರು ಕಳಿಸಿದ್ದು ನೀರಿನ ಟ್ಯಾಂಕಿನದು.