ಗೋಡೆಯ ಋಣ

೨೦೧೨ರ ಮಾರ್ಚ್ ೯ರಂದು ರಾಹುಲ್ ದ್ರಾವಿಡರು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಪತ್ರಿಕಾಗೋಷ್ಠಿಯಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಿದರು. ಮಧುಗಿರಿಯ ನಮ್ಮ ಮನೆಯಲ್ಲಿ ಟೀವಿಯ ಮುಂದೆ ಕುಳಿತಿದ್ದ ನನಗೆ ನೋವಾಯಿತು. ವಿದಾಯದ ಪಂದ್ಯವಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟುವ ಭಾಗ್ಯವೂ ನಮಗಿಲ್ಲ!

ಸಂಜೆ ಬೆಟ್ಟದ ಕಡೆಗೆ ಹೊರಟೆ. ಕೋಟೆಯ ಗೋಡೆ ಎಂದಿನಂತೆ ನಿಂತಿತ್ತು. ದ್ರಾವಿಡರನ್ನೂ ಜನ ‘ಗೋಡೆ’ ಎಂದೇ ಕರೆದರಲ್ಲವೆ? ೧೬೪ ಟೆಸ್ಟುಗಳು, ೧೩,೨೮೮ ರನ್ನುಗಳು. ೨೦೦೩ರಲ್ಲಿ ಅಡಿಲೇಡಿನ ಆ ೨೩೩! ಆದರೂ ನಮ್ಮ ಕೇಕೆಯೆಲ್ಲ ಸಿಕ್ಸರ್ ಹೊಡೆದವರ ಪಾಲಾಯಿತು. ಅವರು ನಿಂತಿದ್ದಾರೆಂಬ ಧೈರ್ಯದಲ್ಲಿ ನಾವು ಅವರನ್ನೇ ಮರೆತಿದ್ದೆವು. ಚಪ್ಪಾಳೆಯ ಸಾಲವೊಂದು ನಮ್ಮಲ್ಲಿಯೇ ಉಳಿಯಿತೆನಿಸಿತು.

ಮರುದಿನ ತರಗತಿಯಲ್ಲಿ ಹಾಜರಿ ಕರೆಯುವಾಗ, ಎಂದೂ ಸದ್ದುಮಾಡದ ಹಿಂದಿನ ಬೆಂಚಿನ ಹುಡುಗನನ್ನು ಒಮ್ಮೆ ತಲೆಯೆತ್ತಿ ನೋಡಿದೆ.