ತೋಟಕ್ಕೆ ಯಾವ ಫೋನು?

"ಯಾವ ಫೋನು ಒಳ್ಳೇದು ಮಾರಾಯ್ರೆ?" ಸೊಸೈಟಿಯ ಜಗಲಿಯಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಅಡಿಕೆ ಧಾರಣೆಯ ಮಾತು ಮುಗಿದ ಕೂಡಲೇ ಬರುವ ಪ್ರಶ್ನೆ ಇದು. ಒಬ್ಬರು ಸ್ಯಾಮ್‌ಸಂಗ್ ಎನ್ನುತ್ತಾರೆ. ಇನ್ನೊಬ್ಬರು ರೆಡ್ಮಿ. ಪೇಟೆಯ ಅಂಗಡಿಯವರು ಅವರಿಗೆ ಹೆಚ್ಚು ಕಮಿಷನ್ ಇರುವುದನ್ನು ತೋರಿಸುತ್ತಾರೆ. ಮಕ್ಕಳು ಕ್ಯಾಮರಾ ನೋಡಿ ಹೇಳುತ್ತಾರೆ. ನಮಗೆ, ಕೃಷಿಕರಿಗೆ, ಏನು ಬೇಕು ಎಂದು ಯಾರೂ ಕೇಳುವುದಿಲ್ಲ.

ನನಗೂ ಮೊದಲು ಗೊತ್ತಿರಲಿಲ್ಲ. ಪೆಟ್ಟು ತಿಂದು ಕಲಿತೆ.

ಒಂದು ಫೋಟೊ ಹೋಗದ ಕಥೆ

ನನ್ನದು ಕಾರ್ಕಳ ತಾಲೂಕಿನ ಘಟ್ಟದ ಬುಡದ ತೋಟ. ಎರಡೂವರೆ ಎಕ್ರೆ ಅಡಿಕೆ, ಸ್ವಲ್ಪ ಕಾಳುಮೆಣಸು. 2022ರ ಮಳೆಗಾಲದಲ್ಲಿ ಬೆಳೆ ಸಮೀಕ್ಷೆಯ ಆಪ್‌ನಲ್ಲಿ ನಾವೇ ಫೋಟೊ ತೆಗೆದು ಕಳಿಸಲು ಹೊರಟೆ. ಕೈಯಲ್ಲಿದ್ದದ್ದು 'ಆಫರ್'ನಲ್ಲಿ ಕೊಂಡ ಮೂರು ವರ್ಷದ ಫೋನು. ಬ್ರಾಂಡ್ ಹೆಸರು ಬೇಡ. ಮೆಮೊರಿ ತುಂಬಿತ್ತು. ತೋಟದ ಮಧ್ಯೆ ನಿಂತರೆ ಜಿಪಿಎಸ್ ನನ್ನನ್ನು ತೋಡು ದಾಟಿಸಿ ಆಚೆ ಮನೆಯವರ ಗದ್ದೆಯಲ್ಲಿ ನಿಲ್ಲಿಸುತ್ತಿತ್ತು! ಒದ್ದೆ ಕೈಯಲ್ಲಿ ಒತ್ತಿದರೆ ಬೇರೆಲ್ಲೋ ತಾಗುತ್ತಿತ್ತು. ಮೂರು ದಿನ ಒದ್ದಾಡಿದೆ. ಒಂದು ಸರ್ವೆ ನಂಬರಿನ ಫೋಟೊ ಕೊನೆಗೂ ಹೋಗಲಿಲ್ಲ.

ನಾನು ಅದನ್ನು ಮರೆತೂ ಬಿಟ್ಟೆ. ಹವಾಮಾನ ಆಧಾರಿತ ಬೆಳೆ ವಿಮೆಗೆ ಕಂತು ಕಟ್ಟಿದ್ದೆನಲ್ಲ, ಇನ್ನೇನು ಎಂದು. ಆದರೆ ವಿಮೆಯಲ್ಲಿ ಹೇಳಿದ ಬೆಳೆಯೂ ಸಮೀಕ್ಷೆಯ ಬೆಳೆಯೂ ತಾಳೆಯಾಗಬೇಕು. ನನ್ನ ಆ ತುಂಡು ಜಾಗದಲ್ಲಿ ಅಡಿಕೆಯೇ ಇಲ್ಲ ಅಂತಾಯಿತು. ಇಪ್ಪತ್ತು ವರ್ಷದ ಮರಗಳು ಅಲ್ಲಿ ನಿಂತಿವೆ! ಸರಿ ಮಾಡಿಸಲು ನಾಲ್ಕು ಸಲ ಓಡಾಟ. ಹೇಳಿ ಸುಖ ಇಲ್ಲ.

ಆಗ ಗೊತ್ತಾಯಿತು, ಫೋನು ಇನ್ನು ಶೋಕಿಯ ವಸ್ತು ಅಲ್ಲ. ಕತ್ತಿ, ಹಾರೆ, ಸ್ಪ್ರೇಯರ್ ಇದ್ದ ಹಾಗೆ ಅದೂ ಒಂದು ಸಲಕರಣೆ. ಕೊಳ್ಳುವಾಗಲೂ ಹಾಗೆಯೇ ನೋಡಬೇಕು.

ಹೆಸರು ಹಲವು, ಮನೆ ಕೆಲವು

ಪೇಟೆಯಲ್ಲಿ ಹತ್ತಾರು ಬ್ರಾಂಡ್ ಕಾಣುತ್ತದೆ. ಒಳಗೆ ಹೋದರೆ ಅಷ್ಟಿಲ್ಲ. ರೆಡ್ಮಿ, ಪೋಕೋ ಎರಡೂ ಶಿಯೋಮಿಯಿಂದ ಬಂದವು. ಐಕ್ಯೂ ಎಂಬುದು ವಿವೋದವರದ್ದೇ. ರಿಯಲ್‌ಮಿ 2018ರಲ್ಲಿ ಒಪ್ಪೊದ ಮನೆಯಿಂದಲೇ ಹೊರಟದ್ದು. ಸ್ಯಾಮ್‌ಸಂಗ್ ಕೊರಿಯದ್ದು. ಲಾವಾ ನಮ್ಮ ದೇಶದ ಕಂಪೆನಿ. ಐಫೋನ್ ಅಮೆರಿಕದ್ದಾದರೂ ಜೋಡಣೆ ನಮ್ಮ ಕೋಲಾರದ ನರಸಾಪುರದಲ್ಲೂ ನಡೆಯುತ್ತದೆ.

ಅಡಿಕೆ ಸಸಿ ಕೊಳ್ಳುವಾಗ ನಾವು ಎಲೆಯ ಹಸಿರು ನೋಡಿ ಮರುಳಾಗುವುದಿಲ್ಲ. ತಾಯಿಮರ ಯಾವುದು ಎಂದು ಕೇಳುತ್ತೇವೆ. ಇಲ್ಲಿಯೂ ಅಷ್ಟೆ. ಕಂಪೆನಿ ನಾಲ್ಕೈದು ವರ್ಷ ಹಿಂದೆ ನಿಲ್ಲುತ್ತದೋ ಎಂಬುದೇ ಮುಖ್ಯ. ಎಲ್‌ಜಿ ಎಷ್ಟು ದೊಡ್ಡ ಕಂಪೆನಿ! 2021ರಲ್ಲಿ ಫೋನಿನ ವ್ಯಾಪಾರವನ್ನೇ ಬಿಟ್ಟಿತು.

ಮೂರು ಫೋನು, ಮೂರು ಗುಣ

2025ರಲ್ಲಿ ಹೊಸತು ಕೊಳ್ಳಬೇಕೆಂದಾಗ ಮಣಿಪಾಲದಲ್ಲಿ ಕಲಿಯುವ ಮಗಳನ್ನು ಕೂರಿಸಿಕೊಂಡು ಒಂದು ಪಟ್ಟಿ ಮಾಡಿದೆ. ಬಜೆಟ್ ಇಪ್ಪತ್ತು ಸಾವಿರದ ಒಳಗೆ. ಕ್ಯಾಮರಾದ ಸುದ್ದಿ ಎತ್ತಬಾರದು ಎಂಬುದು ನನ್ನ ಶರತ್ತು.

* ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ (2024ರ ಅಕ್ಟೋಬರ್‌ನಲ್ಲಿ ಬಂದಾಗ ರೂ. 18,999): ಬ್ಯಾಟರಿ 5000 ಎಂಎಎಚ್. ನೀರಿನ ರಕ್ಷಣೆ ಐಪಿ 54, ಅಂದರೆ ಹನಿ, ಎರಚಲು ಮಾತ್ರ. ಆದರೆ ಆರು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ಕಂಪೆನಿಯ ಮಾತು.

* ರೆಡ್ಮಿ 15 5ಜಿ (2025ರ ಆಗಸ್ಟ್, ರೂ. 14,999ರಿಂದ): ಬ್ಯಾಟರಿ 7000 ಎಂಎಎಚ್. ಐಪಿ 64. ಬೆಲೆಯೂ ಕಡಿಮೆ.

* ಮೋಟೋ ಜಿ86 ಪವರ್ (2025ರ ಜುಲೈ, ರೂ. 17,999): ಬ್ಯಾಟರಿ 6720 ಎಂಎಎಚ್. ಐಪಿ 68 ಮತ್ತು 69. ಆದರೆ ಹೊಸ ಆಂಡ್ರಾಯ್ಡ್ ಒಂದೇ ಸಲ, ಸುರಕ್ಷತೆಯ ಅಪ್‌ಡೇಟ್ ಮೂರು ವರ್ಷ.

ನೋಡಿ, ಒಂದಕ್ಕೆ ಆಯುಷ್ಯ ಉಂಟು, ಒಂದಕ್ಕೆ ಬ್ಯಾಟರಿ ಉಂಟು, ಒಂದಕ್ಕೆ ಮಳೆ ತಡೆಯುವ ಗುಣ ಉಂಟು. ಮೂರೂ ಇರುವುದು ಈ ಬೆಲೆಗೆ ನಮಗೆ ಕಾಣಲಿಲ್ಲ. ಹಾಗಾಗಿ 'ಯಾವುದು ಒಳ್ಳೇದು' ಎಂಬ ಪ್ರಶ್ನೆಯೇ ತಪ್ಪು. 'ನನ್ನ ಕೆಲಸಕ್ಕೆ ಯಾವುದು' ಎಂದು ಕೇಳಬೇಕು.

ಮಳೆಯೂ ಉಪ್ಪುಗಾಳಿಯೂ

ಐಪಿ ಎಂದು ಬರೆದ ಎರಡು ಅಂಕೆಗಳಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ಎರಡನೆಯದು 4 ಇದ್ದರೆ ಎರಚಲು ತಡೆದೀತು. 5, 6 ಇದ್ದರೆ ಪೈಪಿನ ನೀರು ರಾಚಿದರೂ ಅಡ್ಡಿಯಿಲ್ಲ. 7, 8 ಇದ್ದರೆ ತೋಡಿಗೆ ಬಿದ್ದರೂ ಕೂಡಲೇ ತೆಗೆದರೆ ಉಳಿದೀತು. ಬೋರ್ಡೋ ಬಿಡಿಸುವಾಗ ಜೇಬಿನಲ್ಲೇ ಫೋನು ಇಟ್ಟುಕೊಳ್ಳುವ ನನ್ನಂಥವರಿಗೆ ಇದು ಬೇಕು.

ಆದರೆ ಒಂದು ಮಾತು. ಈ ಪರೀಕ್ಷೆ ಸಿಹಿನೀರಿನಲ್ಲಿ, ಹೊಸ ಫೋನಿನ ಮೇಲೆ ಮಾಡುವುದು. ಮೈಲುತುತ್ತು-ಸುಣ್ಣದ ನೀರಿಗೂ ಕಡಲ ನೀರಿಗೂ ಅದು ಲೆಕ್ಕಕ್ಕಿಲ್ಲ. ಬಿದ್ದು ಅಂಚು ಬಿರುಕು ಬಿಟ್ಟರೆ ರಕ್ಷಣೆಯೂ ಹೋಯಿತು. ನೀರು ಹೋದ ಫೋನಿಗೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ.

ನನ್ನ ಭಾವನದ್ದು ಕಾಪುವಿನಲ್ಲಿ ಮನೆ, ದೀಪಸ್ತಂಭದಿಂದ ಹೆಚ್ಚು ದೂರವಿಲ್ಲ. ಶಂಕರಪುರ ಮಲ್ಲಿಗೆ ಬೆಳೆಯುತ್ತಾರೆ. ಮಲ್ಲಿಗೆಯ ದರ ದಿನಾ ಬದಲು. ಬೆಳಿಗ್ಗೆ ಫೋನು ಸತ್ತರೆ ಆ ದಿನದ ಲೆಕ್ಕವೇ ತಪ್ಪುತ್ತದೆ. ಅವರ ಫೋನು ಮಳೆಗೆ ಹಾಳಾಗಲಿಲ್ಲ. ಉಪ್ಪುಗಾಳಿಗೆ ಚಾರ್ಜಿಂಗ್ ತೂತಿನ ಒಳಗೆ ಹಸಿರು ಹಿಡಿದು ಚಾರ್ಜ್ ಆಗುವುದೇ ನಿಂತಿತು. ಈಗ ಆ ತೂತಿಗೆ ಒಂದು ರಬ್ಬರ್ ಬಿರಡೆ ಹಾಕಿದ್ದಾರೆ. ಖರ್ಚು ಹತ್ತಿಪ್ಪತ್ತು ರೂಪಾಯಿ. ಕರಾವಳಿಯ ಅಂಚಿನವರು ಯಾವ ಬ್ರಾಂಡ್ ಕೊಂಡರೂ ಇದೊಂದು ಮಾಡಿ.

ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯುವ ಕ್ರಮ ಉಂಟು. ಅದು ಬೇಡ. ಅಕ್ಕಿಯ ಪುಡಿ ಒಳಗೆ ಹೋಗಿ ಕೆಡುತ್ತದೆ ಎಂದು ಐಫೋನಿನವರೇ 2024ರಲ್ಲಿ ಹೇಳಿದ್ದಾರೆ. ಆಫ್ ಮಾಡಿ, ತೂತು ಕೆಳಗೆ ಮಾಡಿ ಮೆಲ್ಲಗೆ ತಟ್ಟಿ, ಗಾಳಿಯಾಡುವಲ್ಲಿ ಇಡಿ. ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

ಒದ್ದೆ ಬೆರಳಿಗೆ ಓಗೊಡುವ ತಂತ್ರವೂ ಬಂದಿದೆ. ರಿಯಲ್‌ಮಿಯವರು 'ರೇನ್‌ವಾಟರ್ ಸ್ಮಾರ್ಟ್ ಟಚ್', ಒನ್‌ಪ್ಲಸ್‌ನವರು 'ಆಕ್ವಾ ಟಚ್' ಎನ್ನುತ್ತಾರೆ. ಅಂಗಡಿಯಲ್ಲಿ ಪರದೆಯ ಮೇಲೆ ನಾಲ್ಕು ಹನಿ ನೀರು ಹಾಕಿ ಒತ್ತಿ ನೋಡಲು ಕೇಳಿ. ನಾಚಿಕೆ ಬೇಡ, ಕೊಡುವುದು ನಮ್ಮ ದುಡ್ಡು.

ಸಿಗ್ನಲ್ ಇಲ್ಲದ ಕಡೆ

ಉಡುಪಿ, ಮಣಿಪಾಲದಲ್ಲಿ ಯಾವ ಫೋನಿಗೂ ಸಿಗ್ನಲ್ ಸಿಗುತ್ತದೆ. ಕಾರ್ಕಳ ದಾಟಿ ಗುಡ್ಡದ ಸಂದಿಗೆ ಬಂದರೆ ಕಥೆ ಬೇರೆ. ತರಂಗದ ಆವರ್ತನ ಕಡಿಮೆಯಾದಷ್ಟೂ ಅದು ಹೆಚ್ಚು ದೂರ ಹೋಗುತ್ತದೆ, ಮರ-ಗೋಡೆ ದಾಟುತ್ತದೆ. ಬಿಎಸ್ಸೆನ್ನೆಲ್‌ನ 4ಜಿ, ಜಿಯೋದ 5ಜಿ ಎರಡೂ 700 ಮೆಗಾಹರ್ಟ್ಸ್ ಬಳಸುತ್ತವೆ. ಇದಕ್ಕೆ ಫೋನಿನಲ್ಲಿ 'ಬ್ಯಾಂಡ್ 28' ಇರಬೇಕು. ಕೆಲವು ಹಳೆಯ ಮಾಡೆಲ್‌ಗಳಲ್ಲಿ ಅದು ಇಲ್ಲ. ಅಂಥ ಫೋನಿಗೆ ಟವರ್ ಪಕ್ಕದಲ್ಲೇ ಇದ್ದರೂ ಆ ಸಿಗ್ನಲ್ ಕಾಣುವುದಿಲ್ಲ. ಜನ ಬಿಎಸ್ಸೆನ್ನೆಲ್ಲನ್ನು ಬೈಯುತ್ತಾರೆ! ಬಿಎಸ್ಸೆನ್ನೆಲ್ 2025ರ ಸೆಪ್ಟೆಂಬರ್ 27ರಂದು ದೇಶಿ ತಂತ್ರಜ್ಞಾನದ 4ಜಿಯನ್ನು ದೇಶದಾದ್ಯಂತ ಉದ್ಘಾಟಿಸಿತು. ಹಾಗಾಗಿ ಈಗ ಕೊಳ್ಳುವವರು ಬ್ಯಾಂಡ್ 28 ಉಂಟೋ ಕೇಳಿಯೇ ಕೊಳ್ಳಿ.

ಮೊಬೈಲ್ ಪಂಪ್ ಸ್ಟಾರ್ಟರ್ ಇದ್ದವರಿಗೆ ಇನ್ನೊಂದು ಮಾತು. ಹೆಚ್ಚಿನ ಹಳೆ ಸ್ಟಾರ್ಟರ್‌ಗಳು 2ಜಿಯವು. ಜಿಯೋದಲ್ಲಿ 2ಜಿ ಇಲ್ಲ, ಆ ಸಿಮ್ ಅದಕ್ಕೆ ಆಗದು. ಪಂಪು ಚಾಲೂ ಮಾಡಲು ಮಾತ್ರ ಫೋನು ಬೇಕಾದವರಿಗೆ ಗುಂಡಿಯ ಫೋನೇ ಧಾರಾಳ ಸಾಕು.

ಜಿಪಿಎಸ್ ವಿಷಯಕ್ಕೆ ಬರುತ್ತೇನೆ. ನಮ್ಮ ಫೋನುಗಳು ಹೆಚ್ಚಾಗಿ ಎಲ್1 ಎಂಬ ಒಂದೇ ತರಂಗ ಬಳಸುತ್ತವೆ. ಎಲ್1 ಜತೆಗೆ ಎಲ್5 ಕೂಡಾ ಇದ್ದರೆ ದಟ್ಟ ತೋಟದಲ್ಲೂ ಜಾಗ ಹೆಚ್ಚು ಸರಿಯಾಗಿ ತೋರಿಸುತ್ತದೆ. ನಮ್ಮ ಇಸ್ರೋದ 'ನಾವಿಕ್' ಉಪಗ್ರಹಗಳು ಎಲ್5ರಲ್ಲೇ ಇದ್ದವು. 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01ರಿಂದ ಎಲ್1ರಲ್ಲೂ ಬಂದಿವೆ. ಇದ್ಯಾವುದೂ ಇಲ್ಲದ ಫೋನಾದರೆ ಒಂದು ಉಪಾಯ: ಮೊದಲು ಅಂಗಳಕ್ಕೋ ತೋಟದ ತೆರವು ಜಾಗಕ್ಕೋ ಬಂದು ಎರಡು-ಮೂರು ನಿಮಿಷ ನಿಲ್ಲಿ. ಆಮೇಲೆ ತೋಟಕ್ಕೆ ಇಳಿಯಿರಿ.

ಅಪ್‌ಡೇಟ್ ಎಂದರೆ ಆಯುಷ್ಯ

ಅಪ್‌ಡೇಟ್ ಅಂದರೆ ಉಪದ್ರ ಎಂದೇ ನಾನು ತಿಳಿದಿದ್ದೆ. ಅದಲ್ಲ. ಅಪ್‌ಡೇಟ್ ನಿಂತ ಫೋನಿನಲ್ಲಿ ಕ್ರಮೇಣ ಬ್ಯಾಂಕಿನ ಆಪ್, ಸರ್ಕಾರದ ಆಪ್‌ಗಳು ಕೆಲಸ ನಿಲ್ಲಿಸುತ್ತವೆ. ವಾಟ್ಸಪ್ ಕೂಡಾ 2025ರ ಜನವರಿಯಿಂದ ಆಂಡ್ರಾಯ್ಡ್ 4.4ರ ಫೋನುಗಳನ್ನು ಕೈಬಿಟ್ಟಿತು. ಯಂತ್ರ ಗಟ್ಟಿ ಇದ್ದರೂ ಫೋನು ಮೂಲೆಗೆ. ಹದಿನೆಂಟು ಸಾವಿರದ ಫೋನು ಆರು ವರ್ಷ ಬಾಳಿದರೆ ವರ್ಷಕ್ಕೆ ಮೂರು ಸಾವಿರ. ಹನ್ನೆರಡು ಸಾವಿರದ್ದು ಮೂರೇ ವರ್ಷಕ್ಕೆ ಮುಗಿದರೆ ವರ್ಷಕ್ಕೆ ನಾಲ್ಕು ಸಾವಿರ. ಅಗ್ಗ ಯಾವುದು?

ಕನ್ನಡ ಬರೆಯಲು ಯಾವ ಬ್ರಾಂಡಾದರೂ ಒಂದೇ. ನಮ್ಮ ಮಣಿಪಾಲದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಕ್ರಮವೇ ಕಂಪ್ಯೂಟರಿನ ಕನ್ನಡಕ್ಕೆ ದಾರಿ ಮಾಡಿದ್ದು. ಈಗ ಫೋನಿನಲ್ಲಿ ಮಾತಾಡಿದರೂ ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಕೈಗೆ ಮಣ್ಣು ಹಿಡಿದಿರುವಾಗ ಬಹಳ ಉಪಕಾರ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಮಣಿಪಾಲದಲ್ಲಿ ವಿದ್ಯಾರ್ಥಿಗಳು ಫೋನು ಬದಲಿಸುತ್ತಲೇ ಇರುತ್ತಾರೆ. ಒಳ್ಳೆಯ ಫೋನು ಅರ್ಧ ಬೆಲೆಗೆ ಸಿಕ್ಕೀತು. ಆದರೆ ಕದ್ದ ಮಾಲು ಆಗಿರಬಾರದು. *#06# ಒತ್ತಿ. ಹದಿನೈದು ಅಂಕೆಯ ಐಎಂಇಐ ಬರುತ್ತದೆ. ಇಂಗ್ಲಿಷಿನಲ್ಲಿ ಕೆ-ವೈ-ಎಂ ಎಂದು ಬರೆದು, ಜಾಗ ಬಿಟ್ಟು ಆ ಅಂಕೆ ಬರೆದು 14422ಕ್ಕೆ ಎಸ್ಎಂಎಸ್ ಮಾಡಿ. ಫೋನಿನ ಜಾತಕ ಬರುತ್ತದೆ. 'ಬ್ಲ್ಯಾಕ್‌ಲಿಸ್ಟೆಡ್' ಎಂದು ಬಂದರೆ ಮುಟ್ಟಬೇಡಿ. ಬಿಲ್ಲು ಕೇಳಿ ಪಡೆಯಿರಿ.

ಮುಂದೆ ಬರುವುದಕ್ಕೆ ಕಾಯಬೇಕೇ?

"ಸ್ವಲ್ಪ ಕಾಯಿರಿ, ಹೊಸ ಮಾಡೆಲ್ ಬರ್ತದೆ" ಎಂದು ಮಗಳು ಹೇಳುತ್ತಾಳೆ. ಬರುವುದೇನೋ ಖಂಡಿತ. ನಮಗೆ ಉಪಯೋಗವಾಗುವಂಥವು ಎರಡು.

ಒಂದು, ಬ್ಯಾಟರಿ. ಸಿಲಿಕಾನ್-ಕಾರ್ಬನ್ ಎಂಬ ಹೊಸ ಬಗೆಯಿಂದ ಅದೇ ಗಾತ್ರದಲ್ಲಿ ಹೆಚ್ಚು ಶಕ್ತಿ ಹಿಡಿಸುತ್ತಾರೆ. 5000 ಇದ್ದದ್ದು 7000 ಆದದ್ದು ಹೀಗೆ. ಇನ್ನೂ ಏರೀತು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ನಮ್ಮ ಕಡೆಗೆ ಇದು ದೊಡ್ಡದು.

ಇನ್ನೊಂದು, ರಿಪೇರಿ. ಐರೋಪ್ಯ ಒಕ್ಕೂಟದಲ್ಲಿ ಮಾರುವ ಹೊಸ ಮಾಡೆಲ್‌ಗಳಿಗೆ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್, ಏಳು ವರ್ಷ ಬಿಡಿಭಾಗ ಕೊಡಬೇಕೆಂದು 2025ರ ಜೂನ್ 20ರಿಂದ ಕಾನೂನಾಗಿದೆ. ಬಳಸುವವರೇ ಬ್ಯಾಟರಿ ಬದಲಿಸುವಂತಿರಬೇಕು ಎಂಬ ನಿಯಮ, ಕೆಲವು ವಿನಾಯಿತಿಗಳೊಂದಿಗೆ, 2027ರ ಫೆಬ್ರವರಿ 18ರಿಂದ. ಕಾನೂನು ಅಲ್ಲಿಯದ್ದಾದರೂ ಕಂಪೆನಿಗಳು ಅವೇ. ನಮ್ಮ ಪೇಟೆಗೂ ಅಂಥ ಫೋನು ಬಂದೀತು ಎಂದು ನನ್ನ ನಿರೀಕ್ಷೆ.

ಆದರೆ ಬೆಲೆ ಇಳಿದೀತು ಎಂದು ಕಾಯಬೇಡಿ. 2025ರ ಕೊನೆಯಿಂದ ಮೆಮೊರಿ ಚಿಪ್ಪಿನ ಬೆಲೆ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪ್ಯೂಟರುಗಳಿಗೆ ಅದು ಹೋಗುತ್ತಿದೆ. ಫೋನಿನ ಜಿಎಸ್‌ಟಿ 2025ರ ಸೆಪ್ಟೆಂಬರಿನ ಕಡಿತದಲ್ಲೂ ಇಳಿಯಲಿಲ್ಲ, 18 ಶೇಕಡವೇ ಉಳಿಯಿತು. ಇರುವ ಫೋನು ನಡೆಯುತ್ತಿದ್ದರೆ ಹೊಸ ಬ್ಯಾಟರಿ ಹಾಕಿಸಿ ಇನ್ನೊಂದು ವರ್ಷ ದೂಡಿ. ಅಪ್‌ಡೇಟ್ ನಿಂತಿದ್ದರೆ ಕಾಯದೆ ಕೊಳ್ಳಿ.

ನಾನು ಮಾಡಿದ್ದು

ಕೊನೆಗೆ ನಾನು ಮಳೆ ತಡೆಯುವ ಫೋನನ್ನೇ ಕೊಂಡೆ. ಆಯುಷ್ಯ ಮೂರು ವರ್ಷ ಎಂದು ತಿಳಿದೇ ಕೊಂಡದ್ದು. ನನ್ನ ತೋಟದಲ್ಲಿ ಮಳೆಯೇ ಫೋನಿನ ಮೊದಲ ಶತ್ರು. ಉಡುಪಿಯಲ್ಲಿ ಅಂಗಡಿ ಇಟ್ಟ ತಮ್ಮ ಆರು ವರ್ಷದ ಮಾತಿಗೆ ಸ್ಯಾಮ್‌ಸಂಗ್ ಕೊಂಡ. ಅವನಿಗೆ ಅದು ಸರಿ. ಕಾಪುವಿನ ಭಾವ ದೊಡ್ಡ ಬ್ಯಾಟರಿಯದ್ದು ನೋಡುತ್ತಿದ್ದಾರೆ. ಕೊಳ್ಳುವ ಮೊದಲು ಮೂವರೂ ಕೇಳಿದ ಒಂದೇ ಪ್ರಶ್ನೆ: ಹಾಳಾದರೆ ಸರ್ವಿಸ್ ಎಲ್ಲಿ? ಕಾರ್ಕಳವೋ, ಉಡುಪಿಯೋ, ಮಂಗಳೂರೋ? ಒಂದು ದಿನದ ಕೆಲಸ ಬಿಟ್ಟು ಓಡಬೇಕಾದರೆ ಆ ಸಂಬಳವೂ ಫೋನಿನ ಬೆಲೆಗೆ ಸೇರುತ್ತದೆ.

2025ರ ಸಮೀಕ್ಷೆಯಲ್ಲಿ ನನ್ನ ಎಲ್ಲಾ ಸರ್ವೆ ನಂಬರಿನ ಫೋಟೊ ಹೋಯಿತು. ಮಳೆಯಲ್ಲೇ ನಿಂತು ತೆಗೆದದ್ದು. ಒಂದೊಂದರ ಪರದೆಯ ಚಿತ್ರವನ್ನೂ ತೆಗೆದಿಟ್ಟುಕೊಂಡಿದ್ದೇನೆ. ನೀವೂ ಇಟ್ಟುಕೊಳ್ಳಿ. ನಿಮ್ಮ ತೋಟದಲ್ಲಿ ಯಾವ ಫೋನು ಎಷ್ಟು ಮಳೆಗಾಲ ಬಾಳಿತು? ನಾಲ್ಕು ಸಾಲು ಪತ್ರಿಕೆಗೆ ಬರೆಯಿರಿ. ಅಂಗಡಿಯವರ ಮಾತಿಗಿಂತ ಅದು ನಮಗೆ ಹೆಚ್ಚು ಉಪಕಾರ.