ಮರಳುಗಾಡಿಗೆ ಲೆನ್ಸ್ ಹಾಕ್ಕೊಂಡು ಹೋಗ್ಬಹುದಾ?

ಸೆಮ್ ಎಗ್ಸಾಮ್ ಮುಗಿದ ಮೇಲೆ ನಮ್ಮ ಬ್ಯಾಚಿನ ಒಂದು ಗುಂಪು ಜೈಸಲ್ಮೇರ್ ಟ್ರಿಪ್‌ಗೆ ಹೊರಟಿದೆ. ಸಮ್ ಮರಳುದಿಬ್ಬಗಳ ಹತ್ತಿರ ಟೆಂಟಿನಲ್ಲಿ ಎರಡು ರಾತ್ರಿ. ಒಂಟೆ ಸವಾರಿಗೆ ಎಷ್ಟು ದುಡ್ಡು, ರಾತ್ರಿ ಎಷ್ಟು ಚಳಿ, ಪವರ್ ಬ್ಯಾಂಕ್ ಯಾರು ತರ್ತಾರೆ ಅಂತೆಲ್ಲ ವಾಟ್ಸಾಪ್ ಗ್ರೂಪಲ್ಲಿ ಚರ್ಚೆ ಆಯ್ತು. ಕೊನೆಗೆ ಒಬ್ಬಳು ಕೇಳಿದ್ಲು, "ಲೆನ್ಸ್ ಹಾಕ್ಕೊಂಡು ಬಂದ್ರೆ ಪ್ರಾಬ್ಲಂ ಆಗುತ್ತಾ?" ಬಂದ ಉತ್ತರಗಳು ಮೂರು: "ಏನೂ ಆಗಲ್ಲ", "ಬೆಂಕಿ ಹತ್ರ ಕೂತ್ರೆ ಕರಗುತ್ತಂತೆ", "ಮಿನರಲ್ ವಾಟರಲ್ಲಿ ತೊಳ್ಕೋ, ಸಾಕು". ಮೂರೂ ತಪ್ಪು. ಮೂರನೆಯದು ತಪ್ಪು ಮಾತ್ರ ಅಲ್ಲ, ಅಪಾಯ.

ಇದನ್ನ ತೀರ್ಥಹಳ್ಳಿ ತಾಲೂಕಿನ ಅರಳಸುರಳಿಯವನು ಬರೆಯೋದು ನೋಡಿ ಕೆಲವರಿಗೆ ನಗು ಬರಬಹುದು. ಜೈಸಲ್ಮೇರ್‌ನಲ್ಲಿ ಇಡೀ ವರ್ಷಕ್ಕೆ ಬೀಳೋ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಪಕ್ಕದ ಆಗುಂಬೆಯಲ್ಲಿ ಜುಲೈ ತಿಂಗಳ ಒಂದು ದಿನಕ್ಕೇ ಅಷ್ಟು ಸುರಿಯೋದುಂಟು. ಆದ್ರೆ ನಮ್ಮ ಕಡೆ ಧೂಳು ಇಲ್ಲ ಅನ್ನೋರು ಮಾರ್ಚ್ ತಿಂಗಳಲ್ಲಿ ಬಂದು ನೋಡಬೇಕು. ಮಣ್ಣು ರಸ್ತೆ ಪಕ್ಕದ ಗಿಡಗಳ ಎಲೆ ಹಸಿರಿರಲ್ಲ, ಕೆಂಪಗಿರುತ್ತೆ. ನಿಟ್ಟೂರು ಕಡೆಯಿಂದ ಕೊಡಚಾದ್ರಿಗೆ ಜೀಪಲ್ಲಿ ಹತ್ತಿ ಇಳಿದವರ ತಲೆಕೂದಲು, ಹುಬ್ಬು ಎಲ್ಲಾ ಒಂದೇ ಬಣ್ಣ. ಹಾಗಾಗಿ ಇಲ್ಲಿ ಹೇಳೋದು ಥಾರ್‌ಗೂ ಅನ್ವಯಿಸುತ್ತೆ, ಹಂಪಿ ಬಂಡೆಗಳಿಗೂ ಅನ್ವಯಿಸುತ್ತೆ, ಕೊಡಚಾದ್ರಿಗೂ ಅನ್ವಯಿಸುತ್ತೆ.

ಕಣ್ಣಿನ ಮುಂಭಾಗದ ಇಂಜಿನಿಯರಿಂಗ್

ಮೊದಲು ಕಾರ್ನಿಯಾ ಅರ್ಥ ಮಾಡ್ಕೊಳ್ಳೋಣ. ಕಣ್ಣಿನ ಕಪ್ಪು ಭಾಗದ ಮುಂದೆ, ಗಡಿಯಾರದ ಗಾಜಿನ ಹಾಗೆ ಕೂತಿರೋ ಪಾರದರ್ಶಕ ಪದರ ಅದು. ಮಧ್ಯದಲ್ಲಿ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಪಾರದರ್ಶಕವಾಗಿರಬೇಕು ಅಂದ್ರೆ ಅದರಲ್ಲಿ ರಕ್ತನಾಳ ಇರಬಾರದು, ಇಲ್ಲವೂ ಇಲ್ಲ. ಹಾಗಾದ್ರೆ ಆಮ್ಲಜನಕ ಎಲ್ಲಿಂದ? ಹೆಚ್ಚಿನ ಪಾಲು ನೇರ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ ಬರುತ್ತೆ.

ಆ ಕಣ್ಣೀರಿನ ಪದರದ ದಪ್ಪ ಬರೀ 3 ಮೈಕ್ರೋಮೀಟರ್ ಆಸುಪಾಸು. ಅಷ್ಟರಲ್ಲೇ ಕೆಳಗೆ ಲೋಳೆ, ನಡುವೆ ನೀರು, ಮೇಲೆ ಎಣ್ಣೆ. ನೀರು ಆವಿಯಾಗದ ಹಾಗೆ ಎಣ್ಣೆ ತಡೆಯುತ್ತೆ. ನಾವು ಪ್ರತಿ ಸಲ ರೆಪ್ಪೆ ಬಡಿದಾಗ ಕಾರಿನ ವೈಪರ್ ಥರ ಈ ಪದರ ಹೊಸದಾಗಿ ಹರಡುತ್ತೆ.

ಈಗ ಇದರ ಮಧ್ಯಕ್ಕೆ ಒಂದು ಲೆನ್ಸ್ ಇಡಿ. ಕಣ್ಣೀರಿಗಿಂತ ಲೆನ್ಸ್ ಎಷ್ಟೋ ಪಟ್ಟು ದಪ್ಪ. ಹಾಗಾಗಿ ಪದರ ಎರಡಾಗಿ ಒಡೆಯುತ್ತೆ, ಲೆನ್ಸ್ ಕೆಳಗೊಂದು, ಮೇಲೊಂದು. ಮೇಲಿನದರಲ್ಲಿ ಎಣ್ಣೆ ಸರಿಯಾಗಿ ಹರಡಲ್ಲ, ನೀರು ಬೇಗ ಆರುತ್ತೆ. ಸಾಫ್ಟ್ ಲೆನ್ಸ್ ಅನ್ನೋದೇ ನೀರು ಕುಡಿದ ಪ್ಲಾಸ್ಟಿಕ್. ಜೆಕ್ ರಸಾಯನ ವಿಜ್ಞಾನಿ ಒಟ್ಟೋ ವಿಕ್ಟರ್ಲೆ 1961ರಲ್ಲಿ ಮಕ್ಕಳ ಆಟಿಕೆ ಕಿಟ್‌ನ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ ಇಂಥ ಲೆನ್ಸ್ ಮಾಡಿ ತೋರಿಸಿದ್ರು. ಮಿನಿ ಪ್ರಾಜೆಕ್ಟ್ ಅಂದ್ರೆ ಹೀಗಿರಬೇಕು! ಆ ಕಾಲದ ಹೈಡ್ರೋಜೆಲ್‌ನಲ್ಲಿ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರೇ. ಇವತ್ತಿನ ಕೆಲವು ಲೆನ್ಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ.

ಒಣಗಾಳಿ ಬೀಸೋ ಕಡೆ ಈ ನೀರು ಆರುತ್ತೆ. ಆರಿದ ಲೆನ್ಸ್ ಸ್ವಲ್ಪ ಬಿಗಿಯುತ್ತೆ, ಕಣ್ಣಿನ ಮೇಲೆ ಜಾರಾಡೋದು ಕಡಿಮೆ ಆಗುತ್ತೆ, ಸಂಜೆಗೆ ಕಣ್ಣು ಉರಿ, ದೃಷ್ಟಿ ಮಂಜು ಮಂಜು. "ನೀರು ಜಾಸ್ತಿ ಇರೋ ಲೆನ್ಸ್ ತಗೊಂಡ್ರೆ ಮರಳುಗಾಡಲ್ಲಿ ಆರಾಮ" ಅಂತ ಅಂಗಡಿಯಲ್ಲಿ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಸಾಮಾನ್ಯ ಹೈಡ್ರೋಜೆಲ್‌ನಲ್ಲಿ ನೀರಿನಂಶ ಹೆಚ್ಚಿದ್ದಷ್ಟೂ ಕಳ್ಕೊಳ್ಳೋ ನೀರೂ ಹೆಚ್ಚು.

ಧೂಳು ಏನು ಮಾಡುತ್ತೆ?

ಕಣ್ಣೀರು 3 ಮೈಕ್ರೋಮೀಟರ್. ಗಾಳಿಯಲ್ಲಿ ತೇಲೋ ಧೂಳಿನ ಕಣ 10 ಮೈಕ್ರೋಮೀಟರ್ ಅಂತಿಟ್ಕೊಳ್ಳಿ. ಅಂದ್ರೆ ಒಂದಡಿ ನೀರಿರೋ ತೋಡಿನಲ್ಲಿ ಮೂರಡಿ ಬಂಡೆ. ಮರಳಿನ ಕಾಳು ಇದಕ್ಕಿಂತ ಎಷ್ಟೋ ದೊಡ್ಡದು, ಆದ್ರೆ ಭಾರ ಇರೋದ್ರಿಂದ ಗಾಳಿಗೆ ನೆಲದ ಹತ್ತಿರವೇ ಕುಪ್ಪಳಿಸಿಕೊಂಡು ಹೋಗುತ್ತೆ. ನಿಂತಿರೋವಾಗ ಮುಖದ ಮಟ್ಟಕ್ಕೆ ಬರೋದು ನಯವಾದ ಧೂಳು. ನೆಲದ ಮೇಲೆ ಮಲಗಿದಾಗ ಮಾತ್ರ ಮರಳೂ ನಿಮ್ಮ ಮುಖದ ಮಟ್ಟಕ್ಕೇ ಬರುತ್ತೆ. ಕ್ಯಾಂಪಿಂಗ್ ಅಂದ್ರೆ ಅದೇ ತಾನೇ?

ಲೆನ್ಸ್ ಇಲ್ಲದ ಕಣ್ಣಿಗೆ ಕಣ ಬಿದ್ರೆ ಚುಚ್ಚುತ್ತೆ, ಧಾರಾಕಾರ ನೀರು ಬರುತ್ತೆ, ಕಣ ತೊಳೆದು ಹೋಗುತ್ತೆ. ಲೆನ್ಸ್ ಕೆಳಗೆ ಸಿಕ್ಕಿಕೊಂಡ್ರೆ ಹೊರಗೆ ಹೋಗೋ ದಾರಿ ಇಲ್ಲ. ಪ್ರತಿ ರೆಪ್ಪೆ ಬಡಿತಕ್ಕೂ ಲೆನ್ಸ್ ಅದನ್ನ ಕಾರ್ನಿಯಾ ಮೇಲೆ ಉಜ್ಜುತ್ತೆ, ಸ್ಯಾಂಡ್‌ಪೇಪರ್ ಥರ. ಈ ವಿಷಯದಲ್ಲಿ ಗಟ್ಟಿ ಲೆನ್ಸ್ ಹಾಕೋರ ಕಷ್ಟ ಇನ್ನೂ ಜಾಸ್ತಿ. ಅದು ಕಾರ್ನಿಯಾಗಿಂತ ಚಿಕ್ಕದು, ಅಂಚು ಸ್ವಲ್ಪ ಎದ್ದಿರುತ್ತೆ, ಧೂಳು ಸುಲಭವಾಗಿ ಒಳಗೆ ನುಗ್ಗುತ್ತೆ. ಸಾಫ್ಟ್ ಲೆನ್ಸ್ ಸುಮಾರು 14 ಮಿ.ಮೀ. ಅಗಲ ಇದ್ದು ಕಾರ್ನಿಯಾವನ್ನ ಪೂರ್ತಿ ಮುಚ್ಚೋದ್ರಿಂದ ಧೂಳು ಒಳಗೆ ಹೋಗೋದು ಕಡಿಮೆ.

ಇಷ್ಟಾದ್ರೆ ಬರೀ ಗೀರು. ಕಾರ್ನಿಯಾದ ಮೇಲ್ಪದರದ ಸಣ್ಣ ಗೀರು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿಯಾಗುತ್ತೆ. ನಿಜವಾದ ಭಯ ಆ ಗೀರಿನ ಮೂಲಕ ಒಳಗೆ ಹೋಗೋ ಜೀವಿಗಳದ್ದು. ಅವು ಬರೋದು ಹೆಚ್ಚಾಗಿ ಗಾಳಿಯಿಂದಲ್ಲ, ನಮ್ಮ ಬೆರಳಿಂದ, ಲೆನ್ಸ್ ಕೇಸಿಂದ ಮತ್ತು ನೀರಿಂದ.

ನೀರೇ ಯಾಕೆ ಶತ್ರು?

ಧೂಳಾಯ್ತು ಅಂದ ತಕ್ಷಣ ನಮ್ಮ ಕೈ ಹೋಗೋದು ನೀರಿನ ಬಾಟಲಿಗೆ. ಬರಿಗಣ್ಣಿಗೆ ಅದು ಸರಿ. ಲೆನ್ಸ್‌ಗೆ ಅಲ್ಲ.

ಒಂದು ಕಾರಣ ಪಿಯುಸಿಯಲ್ಲಿ ಓದಿದ ಆಸ್ಮಾಸಿಸ್. ಕಣ್ಣೀರಿನಲ್ಲಿ ಉಪ್ಪಿದೆ, ಲೆನ್ಸ್ ಆ ಉಪ್ಪಿನ ಮಟ್ಟಕ್ಕೆ ಹೊಂದಿಕೊಂಡಿರುತ್ತೆ. ಸಿಹಿನೀರು ತಾಗಿದ್ರೆ ಲೆನ್ಸಿನ ಆಕಾರ ಬದಲಾಗಿ ಕಾರ್ನಿಯಾಗೆ ಅಂಟಿಕೊಳ್ಳಬಹುದು. ಅದನ್ನ ಕೀಳೋವಾಗ ಮೇಲ್ಪದರವೂ ಕಿತ್ತು ಬರಬಹುದು.

ಇನ್ನೊಂದು ಕಾರಣ ಅಕಾಂತಮೀಬಾ. ಮಣ್ಣು, ಕೆರೆ, ನಲ್ಲಿ, ಓವರ್‌ಹೆಡ್ ಟ್ಯಾಂಕ್, ಈಜುಕೊಳ, ಎಲ್ಲಾ ಕಡೆ ಇರೋ ಏಕಕೋಶ ಜೀವಿ. ಪರಿಸ್ಥಿತಿ ಕೆಟ್ಟಾಗ ಎರಡು ಗೋಡೆಯ ಚಿಪ್ಪು ಕಟ್ಟಿಕೊಂಡು ಒಳಗೆ ಮಲಗುತ್ತೆ. ಕುಡಿಯೋ ನೀರಿಗೆ ಹಾಕೋ ಕ್ಲೋರಿನ್ ಆ ಚಿಪ್ಪಿಗೆ ಲೆಕ್ಕಕ್ಕಿಲ್ಲ. ಕುಡಿದ್ರೆ ಏನೂ ಆಗಲ್ಲ, ಆದ್ರೆ ಲೆನ್ಸ್ ಹತ್ತಿ ಕಾರ್ನಿಯಾ ಸೇರಿದ್ರೆ ತಿಂಗಳುಗಟ್ಟಲೆ ಔಷಧಿ, ಕೆಲವರಿಗೆ ಕಾರ್ನಿಯಾ ಕಸಿ. ಬಾಟಲಿ ನೀರು ಕುಡಿಯಲು ಯೋಗ್ಯ, ಆದ್ರೆ ಸ್ಟೆರೈಲ್ ಅಲ್ಲ. ಮನೆಯಲ್ಲಿ ಉಪ್ಪು ಬೆರೆಸಿದ ನೀರೂ ಆಗಲ್ಲ. 1980ರ ದಶಕದಲ್ಲಿ ಅಮೆರಿಕದಲ್ಲಿ ಉಪ್ಪಿನ ಮಾತ್ರೆ ಕರಗಿಸಿ ಮನೆಯಲ್ಲೇ ಲೆನ್ಸ್ ದ್ರಾವಣ ಮಾಡ್ಕೊಳ್ತಿದ್ದವರಲ್ಲಿ ಈ ರೋಗ ಕಾಣಿಸಿಕೊಂಡ ಮೇಲೇ ಆ ಪದ್ಧತಿ ಬಿಟ್ಟಿದ್ದು. ಎಂಜಲಂತೂ ಬೇಡವೇ ಬೇಡ.

ನಮ್ಮ ದೊಡ್ಡಮ್ಮನ ಮಗಳು, ಬೆಂಗಳೂರಲ್ಲಿ ಕೆಲಸ, ಒಂದು ಬೇಸಿಗೆ ಫ್ರೆಂಡ್ಸ್ ಜೊತೆ ಕೊಡಚಾದ್ರಿಗೆ ಬಂದಿದ್ಲು. ಜೀಪಿನ ಧೂಳಿಗೆ ಕಣ್ಣು ಕೆರೆದು, ಗುಡ್ಡದಿಂದ ಪೈಪಲ್ಲಿ ಬರೋ ಅಬ್ಬಿ ನೀರಲ್ಲೇ ಲೆನ್ಸ್, ಕೇಸ್ ಎರಡನ್ನೂ ತೊಳೆದು ಹಾಕ್ಕೊಂಡ್ಲು. ಸುಸ್ತಾಗಿ ಹಾಗೇ ಮಲಗಿದ್ಲು. ಅಲ್ಲಿಂದ ನಮ್ಮನೆಗೆ ಬಂದಾಗ ಕಣ್ಣು ಕೆಂಡ. ಮನೇಲಿ ಎಲ್ಲರೂ "ಉಷ್ಣ ಆಗಿದೆ" ಅಂದ್ರು, ಅಜ್ಜಿ ನಂದಿಬಟ್ಟಲು ಹೂವಿನ ರಸ ಹಿಂಡಿದ್ರು. ಎರಡು ದಿನ ಹಾಗೇ ಹೋಯ್ತು. ಮೂರನೇ ದಿನ ಬೆಳಕು ನೋಡೋಕೇ ಆಗದೆ ಶಿವಮೊಗ್ಗಕ್ಕೆ ಕರ್ಕೊಂಡು ಹೋದಾಗ ಡಾಕ್ಟ್ರು ಹೇಳಿದ್ದು, ಕಾರ್ನಿಯಾದಲ್ಲಿ ಹುಣ್ಣು. ಗಂಟೆಗೊಂದು ಹನಿ ಔಷಧಿ, ರಾತ್ರಿಯೂ ಸೇರಿ. ಹುಣ್ಣು ವಾಸಿಯಾಯ್ತು, ಬಿಳಿ ಕಲೆ ಉಳೀತು. ಈಗಲೂ ಆ ಕಣ್ಣೊಂದರಲ್ಲೇ ನೋಡಿದ್ರೆ ಬಸ್ ಬೋರ್ಡ್ ಓದೋಕಾಗಲ್ಲ. ಅಜ್ಜಿ ಪ್ರೀತಿಯಿಂದಲೇ ಮಾಡಿದ್ದು. ಆದ್ರೆ ಗಾಯ ಇರೋ ಕಾರ್ನಿಯಾಗೆ ಹೂವಿನ ರಸವಾಗಲಿ ಎದೆಹಾಲಾಗಲಿ ಔಷಧಿ ಅಲ್ಲ, ಇನ್ನಷ್ಟು ಸೋಂಕಿಗೆ ದಾರಿ.

ಹಾಕ್ಕೊಂಡೇ ಮಲಗಿದ್ರೆ?

ನಮ್ಮಂಥ ಇಂಜಿನಿಯರಿಂಗ್ ತಲೆಗಳು ಇಲ್ಲಿ ಒಂದು ಬಲೆಗೆ ಬೀಳ್ತವೆ. ಲೆನ್ಸ್ ಮೂಲಕ ಆಮ್ಲಜನಕ ಎಷ್ಟು ಹೋಗುತ್ತೆ ಅನ್ನೋದಕ್ಕೆ ಡಿಕೆ ಬೈ ಟಿ ಅಂತ ಒಂದು ಅಳತೆ ಇದೆ. ಡಿಕೆ ಅಂದ್ರೆ ವಸ್ತುವಿನ ಗುಣ, ಟಿ ಅಂದ್ರೆ ದಪ್ಪ. 1984ರಲ್ಲಿ ಹೋಲ್ಡನ್ ಮತ್ತು ಮರ್ಟ್ಜ್ ಹಗಲಿಗೆ 24, ರಾತ್ರಿಗೆ 87 ಇರಬೇಕು ಅಂತ ಲೆಕ್ಕ ಕೊಟ್ರು. ಈಗಿನ ಸಿಲಿಕೋನ್ ಹೈಡ್ರೋಜೆಲ್ ಲೆನ್ಸ್ ಹಲವು ನೂರನ್ನೂ ದಾಟ್ತವೆ. ಹಾಗಾದ್ರೆ ಮಲಗಬಹುದಲ್ಲ? ಸ್ಪೆಸಿಫಿಕೇಷನ್ ಪಾಸಾಯ್ತು, ಸಮಸ್ಯೆ ಹೋಗಲಿಲ್ಲ. ಆಮ್ಲಜನಕ ಜಾಸ್ತಿ ಆದ್ರೂ ಲೆನ್ಸ್ ಹಾಕ್ಕೊಂಡು ಮಲಗೋರಿಗೆ ಸೋಂಕಿನ ಅಪಾಯ ಹಲವು ಪಟ್ಟು ಹೆಚ್ಚಾಗೇ ಉಳೀತು. ರೆಪ್ಪೆ ಬಡಿತ ಇಲ್ಲ, ಹೊಸ ಕಣ್ಣೀರು ಇಲ್ಲ, ಕೆಳಗೆ ಸಿಕ್ಕಿಕೊಂಡಿದ್ದು ರಾತ್ರಿಯಿಡೀ ಅಲ್ಲೇ.

ಇನ್ನು ಬೆಂಕಿ ಮುಂದೆ ಕೂತ್ರೆ ಲೆನ್ಸ್ ಕರಗಲ್ಲ. ಕಣ್ಣೀರು ಅದನ್ನ ತಂಪಾಗೇ ಇಡುತ್ತೆ, ಕರಗೋ ಮುಂಚೆ ನೀವೇ ಎದ್ದು ಓಡಿರ್ತೀರಿ. ಹೊಗೆ ಮಾತ್ರ ಉರಿ ತರುತ್ತೆ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಕಳೆದೂ ಹೋಗಲ್ಲ. ರೆಪ್ಪೆಯ ಒಳಗಿನ ಪದರ ಮಡಚಿ ಚೀಲದ ಹಾಗೆ ಮುಚ್ಚಿರುತ್ತೆ.

ಹಾಗಾದ್ರೆ ಏನು ಮಾಡ್ಬೇಕು?

ಕೈ ತೊಳೆಯೋಕೆ ನೀರಿಲ್ಲದ ಕಡೆ ಲೆನ್ಸ್ ಬೇಡ, ಕನ್ನಡಕ ಸಾಕು. ಇದು ಮೊದಲನೇ ಆಯ್ಕೆ. ಫೋಟೋಗೆ ಚೆನ್ನಾಗಿರಲ್ಲ ಅನ್ನೋರಿಗೆ, ಕನ್ನಡಕಕ್ಕೆ ಹೆಲ್ಮೆಟ್‌ ಹೊಂದಲ್ಲ ಅನ್ನೋರಿಗೆ ಎರಡನೇ ಆಯ್ಕೆ ಡೈಲಿ ಡಿಸ್ಪೋಸಬಲ್. ಬೆಳಿಗ್ಗೆ ಹೊಸದು, ಸಂಜೆ ಕಸಕ್ಕೆ. ಕೇಸ್ ಇಲ್ಲ, ತೊಳೆಯೋದಿಲ್ಲ. ದಿನಕ್ಕೆ ಎರಡು ಜೊತೆ ಲೆಕ್ಕ ಹಾಕಿ, ಮಧ್ಯಾಹ್ನ ಧೂಳು ಹೊಕ್ಕರೆ ಬಿಸಾಡಿ ಹೊಸದು ಹಾಕ್ಕೊಳ್ಳೋಕೆ. ಪವರ್ ಮೊದಲು ಡಾಕ್ಟ್ರ ಹತ್ರ ಚೆಕ್ ಮಾಡಿಸಿ, ಟ್ರಿಪ್‌ಗೆ ವಾರ ಮುಂಚೆ ಕಾಲೇಜಲ್ಲೇ ಹಾಕಿ ನೋಡಿ.

ತಿಂಗಳ ಲೆನ್ಸೇ ಗತಿ ಅನ್ನೋರು ಇಷ್ಟು ನೆನಪಿಡಿ. ಸಲೈನ್ ಬರೀ ತೊಳೆಯುತ್ತೆ, ಕ್ರಿಮಿ ಕೊಲ್ಲಲ್ಲ. ರಾತ್ರಿ ನೆನೆಸೋಕೆ ಮಲ್ಟಿಪರ್ಪಸ್ ಸೊಲ್ಯೂಷನ್ನೇ ಬೇಕು, ಅಂಗೈಲಿಟ್ಟು ಉಜ್ಜಿ ತೊಳೆದೇ ಹಾಕಬೇಕು. ಹಳೇ ದ್ರಾವಣದ ಮೇಲೆ ಹೊಸದು ಸುರಿಯಬೇಡಿ. ಟ್ರಿಪ್‌ಗೆ ಹೊಸ ಕೇಸ್ ತಗೊಂಡು ಹೋಗಿ. ಬಾಟಲಿಯನ್ನ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ.

ಕೈ ವಿಷಯ: ಸೋಪು ಮತ್ತು ಒಂದು ಲೋಟ ನೀರು ಬೆಳಿಗ್ಗೆಗೂ ಸಂಜೆಗೂ ಅಂತ ಬೇರೆ ತೆಗೆದಿಡಿ, ಪೂರ್ತಿ ಒರೆಸಿ ಒಣಗಿದ ಮೇಲೆ ಲೆನ್ಸ್ ಮುಟ್ಟಿ. ಸ್ಯಾನಿಟೈಸರ್ ಮಣ್ಣು ತೆಗೆಯಲ್ಲ, ಆಲ್ಕೋಹಾಲ್ ಬೆರಳಲ್ಲಿ ಉಳಿದ್ರೆ ಕಣ್ಣು ಸುಡುತ್ತೆ. ಲೆನ್ಸ್ ಹಾಕೋದು, ತೆಗೆಯೋದು ಟೆಂಟಿನ ಒಳಗೆ, ಜಿಪ್ ಮುಚ್ಚಿಕೊಂಡು. ಹಗಲು ಪಕ್ಕಗಳೂ ಮುಚ್ಚೋ ಗಾಗಲ್ಸ್, ಲೆನ್ಸ್ ಮೇಲೆ ಹಾಕಬಹುದು ಅಂತ ಬರೆದಿರೋ ಪ್ರಿಸರ್ವೇಟಿವ್ ಇಲ್ಲದ ಕಣ್ಣೀರಿನ ಹನಿ. ಹಳೇ ಕನ್ನಡಕ ಬ್ಯಾಗಲ್ಲಿ ಇರಲೇಬೇಕು. ಲೆನ್ಸ್ ತೆಗೆದ ಮೇಲೆ ನೋಡೋಕೆ ಏನೂ ಇಲ್ಲ ಅಂದ್ರೆ ಯಾರೂ ತೆಗೆಯಲ್ಲ, ಉಜ್ಜಿಕೊಂಡೇ ಇರ್ತಾರೆ.

ಕಣ್ಣಿಗೆ ಏನೋ ಬಿತ್ತು ಅನ್ಸಿದ್ರೆ ಉಜ್ಜಬೇಡಿ. ಲೆನ್ಸ್ ತೆಗೀರಿ. ತೆಗೆದ ಮೇಲೆ ಆರಾಮ ಆದ್ರೆ ಆ ಲೆನ್ಸಿನದ್ದೇ ತೊಂದರೆ, ಕನ್ನಡಕ ಹಾಕ್ಕೊಂಡು ಟ್ರಿಪ್ ಮುಗಿಸಿ. ಕೆಲವು ಸಲ ಲೆನ್ಸೇ ಬ್ಯಾಂಡೇಜ್ ಥರ ಕೂತು ನೋವು ಮುಚ್ಚಿಟ್ಟಿರುತ್ತೆ, ತೆಗೆದ ಮೇಲೇ ನೋವು ಜಾಸ್ತಿ ಆಗುತ್ತೆ. ಹಾಗಾದ್ರೆ, ಅಥವಾ ಕೆಂಪು, ಬೆಳಕು ನೋಡಿದ್ರೆ ಚುಚ್ಚೋದು, ದೃಷ್ಟಿ ಮಂಜು, ಕಪ್ಪು ಗುಡ್ಡೆ ಮೇಲೆ ಬಿಳಿ ಚುಕ್ಕೆ, ಇವುಗಳಲ್ಲಿ ಯಾವುದಾದ್ರೂ ಇದ್ರೆ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಮೆಡಿಕಲ್ ಶಾಪಿನ ಹನಿ ನೀವೇ ಹಾಕ್ಕೊಳ್ಳಬೇಡಿ. ಸ್ಟೀರಾಯ್ಡ್ ಇದ್ರೆ ಕೆಂಪು ಇಳಿಯುತ್ತೆ, ಒಳಗೆ ಸೋಂಕು ಬೆಳೆಯುತ್ತೆ. ತೆಗೆದ ಲೆನ್ಸ್ ಮತ್ತು ಕೇಸ್ ಬಿಸಾಡದೆ ಜೊತೆಗೆ ಒಯ್ಯಿರಿ. ಯಾವ ಜೀವಿ ಅಂತ ಲ್ಯಾಬಿನಲ್ಲಿ ಗೊತ್ತುಮಾಡೋಕೆ ಸಹಾಯ ಆಗುತ್ತೆ.

ನಮ್ಮ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋಗ್ಬೇಕು ಅಂದ್ರೆ ಅರ್ಧ ದಿನದ ಮಾತು. ಮರಳುದಿಬ್ಬದಿಂದ ಜೈಸಲ್ಮೇರ್ ಪೇಟೆಗೂ ಸುಮಾರು 40 ಕಿ.ಮೀ. ಇದೆ. ಹಾಗಾಗಿ ಡಾಕ್ಟ್ರು ಎಷ್ಟು ದೂರ, ಹೋಗೋ ಗಾಡಿ ಯಾವುದು ಅಂತ ಹೊರಡೋ ಮುಂಚೆಯೇ ನೋಡಿಟ್ಕೊಳ್ಳಿ. ಪವರ್ ಬ್ಯಾಂಕ್ ಲಿಸ್ಟಿನ ಕೆಳಗೆ ಅದನ್ನೂ ಬರ್ಕೊಳ್ಳಿ, ಪಕ್ಕದಲ್ಲೇ ಕನ್ನಡಕ ಅಂತಲೂ.